ವರ್ಕ್‌ಶಾಪಿಗೆ ಕಾರ್ಡ್‌ಲೆಸ್ ಡ್ರಿಲ್: 12 ವೋಲ್ಟ್ ಸಾಕಾ, 18 ವೋಲ್ಟ್ ಬೇಕಾ?

ದಾವಣಗೆರೆ ಪ್ಲೈ ಕೆಲಸ

ಎಲ್ಲರಿಗೂ ನಮಸ್ಕಾರ. ನಮ್ಮದು ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಮಾಡುವ ವರ್ಕ್‌ಶಾಪ್. ಆರು ಜನ ಕೆಲಸ ಮಾಡುತ್ತಾರೆ. ನಾಲ್ವರು ಶೆಡ್ಡಿನಲ್ಲಿ ಬಾಕ್ಸ್ ಜೋಡಿಸುತ್ತಾರೆ, ಇಬ್ಬರು ಸೈಟಿಗೆ ಹೋಗಿ ಫಿಟ್ಟಿಂಗ್ ಮಾಡುತ್ತಾರೆ. ಈವರೆಗೆ ಎಲ್ಲವೂ ವೈರಿನ ಡ್ರಿಲ್. ಟೇಬಲ್ ಗರಗಸದ ಸುತ್ತ ವೈರು ಹರಡಿಕೊಂಡಿರುವುದು ನೋಡಿದರೆ ಭಯ ಆಗುತ್ತದೆ. ಹೊಸ ಮನೆಗಳಲ್ಲಂತೂ ನಾವು ಹೋಗುವ ಹೊತ್ತಿಗೆ ಎಷ್ಟೋ ಸಲ ಕರೆಂಟೇ ಬಂದಿರುವುದಿಲ್ಲ.

ಈಗ ಎಲ್ಲರಿಗೂ ಕಾರ್ಡ್‌ಲೆಸ್ ಕೊಡಿಸೋಣ ಅಂತಿದ್ದೇನೆ. ಅಂಗಡಿಯವರು "20 ವೋಲ್ಟು, 13 ಎಂಎಂ ಚಕ್ಕು, ಹ್ಯಾಮರ್ ಇರೋದು ಆರು ತಗೊಳ್ಳಿ, ಎಲ್ಲಾ ಕೆಲಸಕ್ಕೂ ಆಗುತ್ತೆ" ಅಂತಾರೆ. (ಚಕ್ಕು ಅಂದರೆ ತೂತು ಕೊರೆಯುವ ಬಿಟ್ಟನ್ನು ಕಚ್ಚಿ ಹಿಡಿಯುವ ಮೂತಿ, ಹ್ಯಾಮರ್ ಅಂದರೆ ಗೋಡೆಗಾಗಿ ಕುಟ್ಟುತ್ತಾ ತಿರುಗುವ ವ್ಯವಸ್ಥೆ.) ಪಕ್ಕದ ಶೆಡ್ಡಿನವರು 12 ವೋಲ್ಟ್ ಸಾಕು ಅಂತಾರೆ. ನಮ್ಮ ಕೆಲಸ ಹೀಗಿದೆ: 18 ಎಂಎಂ ಪ್ಲೈ, ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ), 35 ಎಂಎಂ ಹಿಂಜ್ ತೂತು, ಡ್ರಾಯರ್ ಚಾನಲ್ ಸ್ಕ್ರೂ, ಹ್ಯಾಂಡಲ್ ತೂತು, ಆಮೇಲೆ ಓವರ್‌ಹೆಡ್ ಯೂನಿಟ್ ಗೋಡೆಗೆ ಕೂರಿಸುವುದು. ಆಗಾಗ ಸಾಗುವಾನಿ ಫ್ರೇಮೂ ಇರುತ್ತದೆ. ದುಡ್ಡು ಹಾಕುವುದಾದರೆ ಒಂದೇ ಸಲ ಸರಿಯಾಗಿ ಹಾಕಬೇಕು. ಏನು ನೋಡಿ ತಗೊಳ್ಳಬೇಕು, ಹೇಳಿ.

ಸಾಗರದ ಆಚಾರಿ

ಶೆಡ್ಡಿನ ಒಳಗಿನ ಕೆಲಸಕ್ಕೆ 12 ವೋಲ್ಟೇ ಸರಿ. ಬ್ಯಾಟರಿ ಸೇರಿ ಸುಮಾರು ಒಂದು ಕಿಲೋ ತೂಗುತ್ತದೆ. ದೊಡ್ಡ ಬ್ಯಾಟರಿ ಹಾಕಿದ 18 ವೋಲ್ಟಿನ ಹ್ಯಾಮರ್ ಡ್ರಿಲ್ಲು ಎರಡು ಕಿಲೋ ಹತ್ತಿರ ಬರುತ್ತದೆ. ಬೆಳಗಿನಿಂದ ಸಂಜೆವರೆಗೆ ಹಿಂಜ್ ಸ್ಕ್ರೂ ಹಾಕುವ ಹುಡುಗನ ಮಣಿಕಟ್ಟಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇನ್ನೊಂದು ವಿಷಯ ಉದ್ದ. ಬಾಕ್ಸ್ ಜೋಡಿಸಿದ ಮೇಲೆ ಒಳಗಿನ ಮೂಲೆಗೆ ಉದ್ದ ಮೂತಿಯ ಮೆಷಿನ್ ಹೋಗುವುದೇ ಇಲ್ಲ, ಸ್ಕ್ರೂ ಓರೆಯಾಗಿ ಕೂರುತ್ತದೆ.

ಸಾಗುವಾನಿ, ಮತ್ತಿ, ಬೀಟೆ ಯಾವುದೇ ಇರಲಿ, ಮೊದಲು ಸಣ್ಣ ತೂತು ಹಾಕಿ, ಸ್ಕ್ರೂಗೆ ಸ್ವಲ್ಪ ಮೇಣ ಸವರಿ. ಆಗ 12 ವೋಲ್ಟಿನದೂ ಸಲೀಸಾಗಿ ಇಳಿಸುತ್ತದೆ. ತೂತು ಹಾಕದೆ ಬರೀ ಬಲದಿಂದ ಇಳಿಸಿದರೆ ಮರ ಸೀಳುತ್ತದೆ. ಅಲ್ಲಿ ವೋಲ್ಟು ಜಾಸ್ತಿ ಇದ್ದು ಏನೂ ಪ್ರಯೋಜನ ಇಲ್ಲ.

ಮೈಸೂರು ಸೈಟ್ ಎಲೆಕ್ಟ್ರಿಷಿಯನ್

ಆಚಾರ್ರೇ, ಶೆಡ್ಡಿನ ಮಾತು ಒಪ್ಪುತ್ತೇನೆ. ಆದರೆ ಅವರ ಇಬ್ಬರು ಸೈಟಿಗೆ ಹೋಗುತ್ತಾರಲ್ಲ, ಅವರಿಗೆ 12 ವೋಲ್ಟ್ ಕೊಟ್ಟರೆ ಗೋಡೆ ಹತ್ತಿರ ನಿಂತು ಒದ್ದಾಡಬೇಕು. ಕಾಂಕ್ರೀಟ್ ಬೀಮ್ ಸಿಕ್ಕಿದರೆ ಮುಗಿಯಿತು. ಸೈಟಿಗೆ 18 ವೋಲ್ಟ್ ಹ್ಯಾಮರ್ ಡ್ರಿಲ್ಲೇ ಬೇಕು.

ಎಸ್‌ಜೆಪಿ ರಸ್ತೆ ರಿಪೇರಿ

ನಾನು ಪವರ್ ಟೂಲ್ ರಿಪೇರಿ ಮಾಡುವವನು. ಎರಡು ಕಡೆಯವರ ಮಾತಿನಲ್ಲೂ ಸತ್ಯ ಇದೆ. ಆದರೆ ಪ್ರಶ್ನೆ ವೋಲ್ಟಿನಿಂದ ಶುರುವಾಗಬಾರದು. ಸ್ವಲ್ಪ ಉದ್ದ ಬರೆಯುತ್ತೇನೆ, ಆರು ಮೆಷಿನಿನ ದುಡ್ಡು ಅಂದರೆ ಸಣ್ಣದಲ್ಲ.

ಮೊದಲು ಆ 20 ವೋಲ್ಟ್. 18 ವೋಲ್ಟಿನ ಪ್ಯಾಕ್ ಬಿಚ್ಚಿದರೆ ಒಳಗೆ ಲಿಥಿಯಂ ಸೆಲ್‌ಗಳು ಐದರ ಸರಣಿಯಲ್ಲಿ ಇರುತ್ತವೆ. ಒಂದೊಂದು 3.6 ವೋಲ್ಟ್, ಐದು ಸೇರಿ 18. ಪೂರ್ತಿ ಚಾರ್ಜ್ ಆದಾಗ ಪ್ರತಿ ಸೆಲ್ 4 ವೋಲ್ಟ್ ದಾಟುತ್ತದೆ, ಒಟ್ಟು 20 ಆಗುತ್ತದೆ. ಆ ಗಳಿಗೆಯ ಅಂಕಿಯನ್ನೇ ಡಬ್ಬಿ ಮೇಲೆ ಹಾಕುತ್ತಾರೆ. ಡಿವಾಲ್ಟ್ ಅಮೆರಿಕದಲ್ಲಿ 20 ವೋಲ್ಟ್ ಮ್ಯಾಕ್ಸ್ ಅಂತ ಮಾರುವುದೂ ಯುರೋಪಿನಲ್ಲಿ 18 ವೋಲ್ಟ್ ಅಂತ ಮಾರುವುದೂ ಒಂದೇ ವರ್ಗದ ಮೆಷಿನ್. 12 ವೋಲ್ಟಿನ ಕಥೆಯೂ ಹೀಗೇ. ಮೂರು ಸೆಲ್, ಲೆಕ್ಕಕ್ಕೆ 10.8 ವೋಲ್ಟ್. ಆದ್ದರಿಂದ 20 ಅನ್ನುವುದಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಬ್ಯಾಟರಿಯಲ್ಲಿ ಎಷ್ಟು ತುಂಬಿದೆ ಅಂತ ತಿಳಿಯಲು ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ. 18 ವೋಲ್ಟ್, 2 ಆಂಪಿಯರ್ ಅವರ್ ಅಂದರೆ 36 ವ್ಯಾಟ್ ಅವರ್. 5 ಆಂಪಿಯರ್ ಅವರ್ ಅಂದರೆ 90. 12 ವೋಲ್ಟಿನ 2 ಆಂಪಿಯರ್ ಅವರ್ ಪ್ಯಾಕಿನಲ್ಲಿ 22 ಹತ್ತಿರ ಅಷ್ಟೇ. ಕೆಲಸ ಎಷ್ಟು ಹೊತ್ತು ನಡೆಯುತ್ತದೆ ಅನ್ನುವುದು ಈ ಅಂಕಿಯ ಮೇಲೆ ನಿಂತಿದೆ.

ಬಲಕ್ಕೆ ಟಾರ್ಕ್, ಅಂದರೆ ತಿರುಗಿಸುವ ಬಲದ ಅಂಕಿ, ನೋಡಿ. ಒಳ್ಳೆಯ ಕಂಪನಿಗಳು ಎರಡು ಅಂಕಿ ಕೊಡುತ್ತವೆ, ಹಾರ್ಡ್ ಮತ್ತು ಸಾಫ್ಟ್. 18 ವೋಲ್ಟಿನ ಹ್ಯಾಮರ್ ಡ್ರಿಲ್ ಮಕಿಟಾ ಡಿಎಚ್‌ಪಿ 482ರಲ್ಲಿ ಹಾರ್ಡ್ 62, ಸಾಫ್ಟ್ 36 ನ್ಯೂಟನ್ ಮೀಟರ್. 12 ವೋಲ್ಟಿನ ಬಾಷ್ ಜಿಎಸ್‌ಆರ್ 120ರಲ್ಲಿ 30 ಮತ್ತು 14. ಹಾರ್ಡ್ ಅಂದರೆ ಲೋಹಕ್ಕೆ ಬೋಲ್ಟು ಕಚ್ಚಿ ನಿಂತ ಕ್ಷಣದ ಬಲ. ಸಾಫ್ಟ್ ಅಂದರೆ ಮರದಲ್ಲಿ ಸ್ಕ್ರೂ ಇಳಿಯುತ್ತಾ ಹೋಗುವಾಗಿನ ಬಲ. ನಿಮ್ಮದು ಮರದ ಕೆಲಸ, ಆದ್ದರಿಂದ ಸಾಫ್ಟ್ ಅಂಕಿ ಹೋಲಿಸಿ. ಡಬ್ಬಿ ಮೇಲೆ ಒಂದೇ ದೊಡ್ಡ ಅಂಕಿ ಹಾಕಿದ್ದರೆ ಅದು ಹಾರ್ಡ್ ಅಂತಲೇ ತಿಳಿಯಿರಿ.

ಇನ್ನು ಎಲ್ಲಾ ಕೆಲಸಕ್ಕೂ ಒಂದೇ ಮೆಷಿನ್ ಅನ್ನುವ ಮಾತು. ವರ್ಕ್‌ಶಾಪಿನಲ್ಲಿ ಇದು ನಡೆಯುವುದಿಲ್ಲ. ನಿಮ್ಮಲ್ಲಿ ಮೂರು ಬೇರೆ ಬೇರೆ ಕೆಲಸ ಇದೆ. ಹಿಂಜ್, ಚಾನಲ್, ಹ್ಯಾಂಡಲ್‌ಗೆ ಕ್ಲಚ್ ಇರುವ ಡ್ರಿಲ್ ಡ್ರೈವರ್ ಬೇಕು. ಚಕ್ಕಿನ ಹಿಂದೆ ಅಂಕಿ ಬರೆದ ಬಳೆ ಇರುತ್ತದಲ್ಲ, ಅದೇ ಕ್ಲಚ್. ಸ್ಕ್ರೂ ಕೂತ ತಕ್ಷಣ ಅದು ಜಾರಿಬಿಡುತ್ತದೆ, ಎಂಡಿಎಫ್ ಒಳಗೆ ತಿರುಗಿ ಪುಡಿ ಆಗುವುದು ತಪ್ಪುತ್ತದೆ. ಉದ್ದ ಸ್ಕ್ರೂ, ಸಾಗುವಾನಿ ಫ್ರೇಮು, ಬೋಲ್ಟಿಗೆ ಇಂಪ್ಯಾಕ್ಟ್ ಡ್ರೈವರ್. ಅದು ಒಳಗೆ ಸುತ್ತಿಗೆಯಿಂದ ಹೊಡೆದು ತಿರುಗಿಸುತ್ತದೆ. ಮಕಿಟಾ ಡಿಟಿಡಿ 152 ಕೊಡುವುದು 165 ನ್ಯೂಟನ್ ಮೀಟರ್, ಆದರೂ ಕೈ ತಿರುಚುವುದಿಲ್ಲ. ಈ 165ನ್ನು ಡ್ರಿಲ್ಲಿನ 62ರ ಪಕ್ಕ ಇಟ್ಟು ಹೋಲಿಸಬೇಡಿ, ಹೊಡೆತದ ಬಲ ಬೇರೆ, ಎಡೆಬಿಡದ ಬಲ ಬೇರೆ.

ಮೂರನೆಯದು ಗೋಡೆ. ಮೈಸೂರಿನ ಅಣ್ಣನವರಿಗೆ ಇಲ್ಲಿ ನನ್ನ ತಕರಾರಿದೆ. ಹ್ಯಾಮರ್ ಡ್ರಿಲ್ಲಿನಲ್ಲಿ ಹಲ್ಲಿನ ಎರಡು ಬಿಲ್ಲೆ ಒಂದರ ಮೇಲೊಂದು ಉಜ್ಜುತ್ತವೆ ಅಷ್ಟೇ. ಅದೇ 482 ನಿಮಿಷಕ್ಕೆ 28,500 ಸಲ ಕುಟ್ಟುತ್ತದೆ, ಎಲ್ಲವೂ ಪುಟ್ಟ ಪುಟ್ಟ ಏಟು. ರೋಟರಿ ಹ್ಯಾಮರಿನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ ಬಿಟ್ಟಿನ ಬುಡಕ್ಕೆ ಏಟು ಕೊಡುತ್ತದೆ. ಮಕಿಟಾ ಡಿಎಚ್‌ಆರ್ 202 ನಿಮಿಷಕ್ಕೆ 4,000 ಸಲ ಮಾತ್ರ ಹೊಡೆಯುತ್ತದೆ, ಆದರೆ ಕಾಂಕ್ರೀಟ್ ಒಡೆಯುವುದು ಆ ಏಟಿಗೆ. ಎಸ್‌ಡಿಎಸ್ ಪ್ಲಸ್ ಬಿಟ್ಟು ಅಂತಾರಲ್ಲ, ಬುಡದಲ್ಲಿ ಉದ್ದ ತೋಡು ಇರುವ 10 ಎಂಎಂ ದಂಡಿನದು, ಅದು ಇದಕ್ಕೇ. ಸೈಟಿನ ಇಬ್ಬರಿಗೆ ಒಂದು ಸಣ್ಣ ರೋಟರಿ ಹ್ಯಾಮರ್ ಕೊಟ್ಟರೆ ಆರು ಹ್ಯಾಮರ್ ಡ್ರಿಲ್ಲಿಗಿಂತ ಜಾಸ್ತಿ ಉಪಯೋಗ.

ಮೈಸೂರು ಸೈಟ್ ಎಲೆಕ್ಟ್ರಿಷಿಯನ್

ಬೀಮ್, ಕಾಲಮ್ಮಿಗೆ ರೋಟರಿ ಅಂತ ಒಪ್ಪಿದೆ ಸರ್. ಆದರೆ ಇಟ್ಟಿಗೆ ಗೋಡೆಗೆ ರೋಟರಿಯ ಹೊಡೆತ ಜಾಸ್ತಿಯೇ ಆಗುತ್ತದೆ. 6 ಎಂಎಂ ತೂತು ಕೇಳಿದರೆ ಗಿಲಾವು ಚಕ್ಕೆ ಎದ್ದು ಬರುತ್ತದೆ. ಅಲ್ಲಿ ಹ್ಯಾಮರ್ ಡ್ರಿಲ್ ಚೆನ್ನ.

ಎಸ್‌ಜೆಪಿ ರಸ್ತೆ ರಿಪೇರಿ

ಸರಿಯಾದ ಮಾತು. ಹಾಗಾಗಿ ಸೈಟಿನ ಡ್ರಿಲ್ಲುಗಳು ಮಾತ್ರ ಹ್ಯಾಮರ್ ಇರುವಂಥವು ಆಗಲಿ. ಶೆಡ್ಡಿನವಕ್ಕೆ ಬೇಡ. ಹ್ಯಾಮರ್ ಇಲ್ಲದಿದ್ದರೆ ಮೂತಿ ಗಿಡ್ಡ, ತೂಕವೂ ಕಮ್ಮಿ. ಇನ್ನು ಕರಾವಳಿ ಕಡೆ ಕೆಂಪು ಕಲ್ಲಿನ ಗೋಡೆ ಸಿಕ್ಕಿದರೆ ಹ್ಯಾಮರ್ ಆಫ್ ಮಾಡಿಯೇ ತೂತು ಹಾಕಿ. ಹ್ಯಾಮರ್ ಹಾಕಿದರೆ ತೂತು ಅಗಲ ಆಗಿ ಸ್ಕ್ರೂ ಹಿಡಿಯುವ ಪ್ಲಗ್ ನಿಲ್ಲುವುದಿಲ್ಲ.

ಉದ್ಯಮಬಾಗ್ ಫಿಟ್ಟರ್

ಬೆಳಗಾವಿಯಿಂದ ನಮಸ್ಕಾರ ರೀ. ನಮ್ಮದು ಕಬ್ಬಿಣದ ಕೆಲಸ, ಆದರೂ ಒಂದೆರಡು ಮಾತು ನಿಮಗೂ ಬೇಕಾಗುತ್ತವೆ. ಒಂದನೇ ಗೇರು ಬಲಕ್ಕೆ, ಎರಡನೇ ಗೇರು ವೇಗಕ್ಕೆ. ಎರಡನೇ ಗೇರಿನಲ್ಲಿ 35 ಎಂಎಂ ಬಿಟ್ಟು ಹಾಕಿ ಒತ್ತಿದರೆ ಮೋಟಾರು ಬಿಸಿ ಆಗುತ್ತದೆ, ಬಿಟ್ಟೂ ಸುಟ್ಟು ಕಪ್ಪಾಗುತ್ತದೆ. ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ.

ಬಲ ಜಾಸ್ತಿ ಇರುವ ಮೆಷಿನ್ ತಗೊಂಡರೆ ಪಕ್ಕದ ಹಿಡಿಕೆ ಹಾಕಿಯೇ ಕೆಲಸ ಮಾಡಬೇಕು. ಮಕಿಟಾದ 486 ಹಾರ್ಡ್ ಟಾರ್ಕ್ 130. ಬಿಟ್ಟು ಸಿಕ್ಕಿಕೊಂಡಾಗ ಅಷ್ಟು ಬಲವೂ ಕೈಗೆ ತಿರುಗುತ್ತದೆ, ಮಣಿಕಟ್ಟು ಮುರಿಯುವುದಕ್ಕೆ ಅಷ್ಟು ಸಾಕು. ಪ್ಲೈ ಕೆಲಸಕ್ಕೆ ಅಂಥದ್ದು ಬೇಡವೇ ಬೇಡ.

ನನ್ನದೂ ಒಂದು ಪ್ರಶ್ನೆ. ಬ್ರಷ್‌ಲೆಸ್ಸೇ ಬೇಕು ಅಂತ ಎಲ್ಲರೂ ಹೇಳುತ್ತಾರೆ. ರಿಪೇರಿ ಮಾಡುವವರ ಅನುಭವ ಏನು?

ಎಸ್‌ಜೆಪಿ ರಸ್ತೆ ರಿಪೇರಿ

ಕಾರ್ಬನ್ (ಅದೇ ಬ್ರಷ್) ಇರುವ ಮೋಟಾರು ಕಿಡಿ ಹಾರಿಸುತ್ತಾ ತಿರುಗುತ್ತದೆ. ಕಾರ್ಬನ್ ಸವೆದರೆ ಜೋಡಿಯಾಗಿ ಬದಲಿಸಿದರೆ ಆಯಿತು. ಸಣ್ಣ ಖರ್ಚು, ಯಾವ ಊರಿನಲ್ಲೂ ಆಗುತ್ತದೆ. ಬ್ರಷ್‌ಲೆಸ್ಸಿನಲ್ಲಿ ತಿರುಗುವ ಭಾಗದಲ್ಲಿ ಅಯಸ್ಕಾಂತ, ಸುತ್ತ ತಂತಿಯ ಸುರುಳಿ, ಅದಕ್ಕೆ ಯಾವಾಗ ಕರೆಂಟು ಕೊಡಬೇಕು ಅಂತ ನೋಡಿಕೊಳ್ಳಲು ಒಂದು ಎಲೆಕ್ಟ್ರಾನಿಕ್ ಬೋರ್ಡು. ಉಜ್ಜಾಟ ಇಲ್ಲ, ಅದಕ್ಕೇ ಅದೇ ಬ್ಯಾಟರಿಯಲ್ಲಿ ಜಾಸ್ತಿ ಕೆಲಸ ಆಗುತ್ತದೆ, ಮೋಟಾರು ತಂಪಾಗಿರುತ್ತದೆ. ಆದರೆ ಬೋರ್ಡು ಹೋದರೆ ಬಿಡಿ ಬಿಡಿಯಾಗಿ ಸರಿ ಮಾಡುವುದು ಕಷ್ಟ. ಎಷ್ಟೋ ಮಾಡೆಲ್‌ಗಳಲ್ಲಿ ಪೂರ್ತಿ ಸೆಟ್ಟೇ ಹಾಕಬೇಕು, ಖರ್ಚು ದೊಡ್ಡದು.

ನನ್ನ ಅಭಿಪ್ರಾಯ ಇಷ್ಟು. ದಿನವಿಡೀ ಓಡುವ ಮೆಷಿನ್ ಬ್ರಷ್‌ಲೆಸ್ ಇರಲಿ. ಎಂಡಿಎಫ್ ಧೂಳು ಇರುವ ಶೆಡ್ಡಿನಲ್ಲಿ ಕಾರ್ಬನ್ ಮೋಟಾರು ಬೇಗ ಸವೆಯುತ್ತದೆ. ಅಪರೂಪಕ್ಕೆ ಕೈಗೆ ಬರುವ ಮೆಷಿನಿಗೆ ಆ ಹೆಚ್ಚಿನ ದುಡ್ಡು ಬೇಡ.

ದಾವಣಗೆರೆ ಪ್ಲೈ ಕೆಲಸ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ. ಇಂಪ್ಯಾಕ್ಟ್ ಡ್ರೈವರ್‌ನಲ್ಲೇ ಹಿಂಜ್ ಸ್ಕ್ರೂನೂ ಹಾಕಿದರೆ ಒಂದು ಮೆಷಿನ್ ಉಳಿಯುತ್ತೆ ಅಲ್ವಾ? ಮತ್ತೆ ಕಂಪನಿ ಯಾವುದು? ನನ್ನ ತಮ್ಮ ಶಾರ್ಜಾದಲ್ಲಿದ್ದಾನೆ, ಅಲ್ಲಿಂದ ತರಿಸಿದರೆ ಹೇಗೆ?

ಸಾಗರದ ಆಚಾರಿ

ಬೇಡ ಸರ್. ಇಂಪ್ಯಾಕ್ಟ್ ಡ್ರೈವರ್‌ಗೆ ಕ್ಲಚ್ ಇಲ್ಲ. ಸಣ್ಣ ಸ್ಕ್ರೂ ತಲೆ ಕಿತ್ತು ಬರುತ್ತದೆ, ಎಂಡಿಎಫ್ ಒಳಗಿನ ಹಿಡಿತ ಹೋಗುತ್ತದೆ. ಹಿತ್ತಾಳೆ ಸ್ಕ್ರೂಗಂತೂ ಹತ್ತಿರವೂ ತರಬೇಡಿ. ಸದ್ದು ಬೇರೆ, 90 ಡೆಸಿಬೆಲ್ ಮೀರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಓಡಿಸುವ ಹುಡುಗನಿಗೆ ಕಿವಿಗೆ ಹಾಕಲು ಏನಾದರೂ ಕೊಡಿಸಿ. ನಮ್ಮ ಕಸುಬಿನಲ್ಲಿ ಕಿವಿ ಮಂದ ಆದವರು ತುಂಬಾ ಜನ ಇದ್ದಾರೆ, ಇದನ್ನು ಹಗುರವಾಗಿ ತಗೊಳ್ಳಬೇಡಿ.

ಶಾರ್ಜಾ ಕರಾವಳಿ

ಇಲ್ಲಿ ಇಂಟೀರಿಯರ್ ಫಿಟ್ಟಿಂಗ್ ಮಾಡುತ್ತೇನೆ, ಊರು ಕುಂದಾಪುರ. ತಮ್ಮನಿಂದ ತರಿಸುವುದಾದರೆ ಇಷ್ಟು ತಿಳಿದಿರಲಿ. ಇಲ್ಲಿನ ಕರೆಂಟೂ ನಮ್ಮ ಊರಿನಂತೆ 230 ವೋಲ್ಟ್, ಚಾರ್ಜರ್ ಕೆಲಸ ಮಾಡುತ್ತದೆ, ಪ್ಲಗ್ ಮಾತ್ರ ಬ್ರಿಟಿಷರ ಚೌಕ ಪಿನ್ನಿನದು. ಅಮೆರಿಕದಿಂದ ಯಾರಾದರೂ ತಂದುಕೊಡುತ್ತೇನೆ ಅಂದರೆ ಎಚ್ಚರ. ಅಲ್ಲಿ ಮಾರುವ ಚಾರ್ಜರ್ ಹೆಚ್ಚಾಗಿ 120 ವೋಲ್ಟಿನದು, ನಮ್ಮಲ್ಲಿ ಚುಚ್ಚಿದರೆ ಹೊಗೆ.

ವಿಮಾನದಲ್ಲಿ ಡ್ರಿಲ್ಲು ಚೆಕ್‌ಇನ್ ಲಗೇಜಿಗೆ ಹೋಗಬೇಕು. ಬಿಡಿ ಬ್ಯಾಟರಿ ಅದಕ್ಕೆ ವಿರುದ್ಧ, ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಪಿನ್ನಿನ ಜಾಗಕ್ಕೆ ಟೇಪ್ ಸುತ್ತಿ. 100 ವ್ಯಾಟ್ ಅವರ್ ಒಳಗಿದ್ದರೆ ಸುಲಭ. 18 ವೋಲ್ಟಿನ 5 ಆಂಪಿಯರ್ ಅವರ್ 90 ಆಗುತ್ತದೆ, ಸರಿ. 6 ಆಂಪಿಯರ್ ಅವರ್ ಅಂದರೆ 108, ಅದಕ್ಕೆ ಏರ್‌ಲೈನ್ ಅನುಮತಿ ಬೇಕು. ಎಲ್ಲಕ್ಕಿಂತ ಮುಖ್ಯ ವಾರಂಟಿ. ಇಲ್ಲಿನ ಬಿಲ್ಲು ಹಿಡಿದು ಊರಿನ ಸರ್ವಿಸ್ ಸೆಂಟರಿಗೆ ಹೋದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಒಂದು ಮೆಷಿನ್ ಆದರೆ ತರಿಸಿ. ವರ್ಕ್‌ಶಾಪಿಗೆ ಆರೇಳು ಬೇಕಾದಾಗ ಊರಲ್ಲೇ ತಗೊಳ್ಳಿ.

ಬಿಸಿಲಿನ ಬಗ್ಗೆಯೂ ಹೇಳಲೇಬೇಕು. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಮನುಷ್ಯರಿಗೆ ಆ ಕಾನೂನು ಇದೆ, ಬ್ಯಾಟರಿಯನ್ನು ಮಾತ್ರ ವ್ಯಾನಿನಲ್ಲಿ ಬಿಟ್ಟು ಹೋಗುತ್ತಾರೆ. ಬಿಸಿಯಾದ ಪ್ಯಾಕನ್ನು ಚಾರ್ಜರ್ ತಗೊಳ್ಳುವುದೇ ಇಲ್ಲ, ಆರುವ ತನಕ ಲೈಟು ಮಿನುಗುತ್ತಾ ಇರುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲೂ ಕಮ್ಮಿ ಇಲ್ಲ. ನೆರಳಲ್ಲಿ ಇಡಿ.

ಎಸ್‌ಜೆಪಿ ರಸ್ತೆ ರಿಪೇರಿ

ಶಾರ್ಜಾ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಕಂಪನಿಯ ಪ್ರಶ್ನೆಗೆ ನಾನು ಹೆಸರು ಹೇಳುವುದಿಲ್ಲ, ಆರಿಸುವ ದಾರಿ ಹೇಳುತ್ತೇನೆ. ಬಾಷ್‌ನ ನೀಲಿ ಬಣ್ಣದ ಸಾಲು, ಮಕಿಟಾ, ಡಿವಾಲ್ಟ್, ಮೊದಲು ಹಿಟಾಚಿ ಅಂತಿದ್ದು 2018ರಲ್ಲಿ ಹೆಸರು ಬದಲಾದ ಹೈಕೋಕಿ, ಇವುಗಳಲ್ಲಿ ಯಾವುದೂ ನಿಮ್ಮ ಕೆಲಸಕ್ಕೆ ಕೈಕೊಡುವಂಥದ್ದಲ್ಲ. ಬಾಷ್‌ನ ಹಸಿರು ಬಣ್ಣದ್ದು ಮನೆ ಬಳಕೆಗೆ ಮಾಡಿದ್ದು, ವರ್ಕ್‌ಶಾಪಿಗೆ ಬೇಡ.

ನೀವು ನಿಜವಾಗಿ ಕೊಳ್ಳುತ್ತಿರುವುದು ಬ್ಯಾಟರಿ. ಒಂದು ಕಂಪನಿಯ ಪ್ಯಾಕ್ ಇನ್ನೊಂದಕ್ಕೆ ಕೂರುವುದಿಲ್ಲ. ಅದೇ ಕಂಪನಿಯ 12 ವೋಲ್ಟಿನದು 18ಕ್ಕೂ ಕೂರುವುದಿಲ್ಲ. ಇವತ್ತು ಡ್ರಿಲ್ಲು, ನಾಳೆ ಜಿಗ್‌ಸಾ, ಟ್ರಿಮ್ಮರ್, ಗ್ರೈಂಡರ್. ಆಗ ಬ್ಯಾಟರಿ ಇಲ್ಲದ ಬರೀ ಮೆಷಿನ್ ತಗೊಂಡರೆ ಬೆಲೆ ತುಂಬಾ ಇಳಿಯುತ್ತದೆ. ಹಾಗಾಗಿ ಮೊದಲು ದಾವಣಗೆರೆಯಲ್ಲಿ ವಿಚಾರಿಸಿ. ಯಾವ ಕಂಪನಿಗೆ ಅಲ್ಲೇ ಸರ್ವಿಸ್ ಇದೆ, ಯಾವುದನ್ನು ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕು, ಚಕ್ಕು, ಸ್ವಿಚ್ಚು, ಕಾರ್ಬನ್ ಅಂಗಡಿಯಲ್ಲಿ ಸ್ಟಾಕ್ ಇದೆಯಾ ಅಥವಾ ಆರ್ಡರ್ ಹಾಕಿ ಕಾಯಬೇಕಾ. ಮೆಷಿನ್ ಬಸ್ಸಿನಲ್ಲಿ ಪಾರ್ಸೆಲ್ ಹೋಗಿ ಬರುವಷ್ಟು ದಿನ ಒಬ್ಬ ಕೆಲಸಗಾರ ಕೈ ಕಟ್ಟಿ ಕೂತರೆ, ಆ ಕೂಲಿಯಲ್ಲೇ ಉಳಿತಾಯ ಹೋಗುತ್ತದೆ. ಟಾರ್ಕಿನಲ್ಲಿ ಐದಾರು ಅಂಕಿ ಕಮ್ಮಿ ಆದರೂ ಪರವಾಗಿಲ್ಲ, ಸರ್ವಿಸ್ ಹತ್ತಿರ ಇರುವುದನ್ನೇ ಆರಿಸಿ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ನೇರ ಇರುವ 6 ಎಂಎಂ ರಾಡಿನ ತುಂಡು ಜೇಬಿನಲ್ಲಿ ತಗೊಂಡು ಹೋಗಿ. ಚಕ್ಕಿಗೆ ಕಚ್ಚಿಸಿ ನಿಧಾನ ತಿರುಗಿಸಿ. ತುದಿ ಓಲಾಡಿದರೆ ಬೇರೆ ಪೀಸ್ ಕೇಳಿ. ಟ್ರಿಗರ್ ಮೆಲ್ಲಗೆ ಒತ್ತಿದಾಗ ವೇಗ ಮೆಲ್ಲಗೇ ಏರಬೇಕು, ಜಿಗಿಯಬಾರದು.

ದಾವಣಗೆರೆ ಪ್ಲೈ ಕೆಲಸ

ಆನ್‌ಲೈನಿನಲ್ಲಿ "ಹೊಂದುವ ಬ್ಯಾಟರಿ" ಅಂತ ಅರ್ಧ ಬೆಲೆಗೂ ಕಮ್ಮಿಗೆ ಸಿಗುತ್ತವಲ್ಲ, ಅವು ಹೇಗೆ?

ಎಸ್‌ಜೆಪಿ ರಸ್ತೆ ರಿಪೇರಿ

ನನ್ನ ಟೇಬಲ್ಲಿಗೆ ಬರುವ ಸುಟ್ಟ ಪ್ಯಾಕುಗಳಲ್ಲಿ ಇಂಥವೇ ಜಾಸ್ತಿ. 5 ಆಂಪಿಯರ್ ಅವರ್ ಪ್ಯಾಕಿನಲ್ಲಿ ಹತ್ತು ಸೆಲ್ ಇರುವುದು ವಾಡಿಕೆ. 18650 ಅನ್ನುವ ಸೆಲ್ಲು, ಅಂದರೆ 18 ಎಂಎಂ ದಪ್ಪ, 65 ಎಂಎಂ ಉದ್ದ, ಒಂದೊಂದು 45 ಗ್ರಾಂ ಆಸುಪಾಸು. ಹತ್ತು ಸೆಲ್ಲಿಗೇ 450 ಗ್ರಾಂ ಆಯಿತು, ಅದರ ಮೇಲೆ ಡಬ್ಬಿ, ಬೋರ್ಡು. 5 ಆಂಪಿಯರ್ ಅಂತ ಬರೆದ ಪ್ಯಾಕ್ ತಕ್ಕಡಿಯಲ್ಲಿ 400 ಗ್ರಾಂ ತೋರಿಸಿದರೆ ಒಳಗೆ ಐದೇ ಸೆಲ್ ಇದೆ ಅಂತ ಅರ್ಥ. ಕೆಲವದರಲ್ಲಿ ಪ್ರತಿ ಸೆಲ್ಲನ್ನು ಕಾಯುವ ವ್ಯವಸ್ಥೆಯೇ ಇರುವುದಿಲ್ಲ. ಒಂದು ಸೆಲ್ ಸೋತರೂ ಚಾರ್ಜರ್ ಉಳಿದವಕ್ಕೆ ತುಂಬುತ್ತಲೇ ಹೋಗುತ್ತದೆ. ಸುತ್ತ ಮರದ ಪುಡಿ, ಥಿನ್ನರ್, ಅಂಟು ಇರುವ ಶೆಡ್ಡಿಗೆ ಅದನ್ನು ತರಲೇಬೇಡಿ. ಉಳಿಯುವ ದುಡ್ಡಿಗಿಂತ ನಿಮ್ಮ ಹುಡುಗರ ಜೀವ ದೊಡ್ಡದು.

ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಮಾಡಿ ಅನ್ನುವ ಮಾತನ್ನೂ ಮರೆತುಬಿಡಿ. ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಕಾಲದ್ದು. ಲಿಥಿಯಂ ಪ್ಯಾಕನ್ನು ಬಲ ಕುಗ್ಗಿದ ತಕ್ಷಣ ಚಾರ್ಜಿಗೆ ಹಾಕಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ಇಡಿ.

ಹುಬ್ಬಳ್ಳಿ ಲೆಕ್ಕದವರು

ಒಂದು ಸಣ್ಣ ವಿಷಯ. ಪವರ್ ಟೂಲಿಗೆ ಜಿಎಸ್‌ಟಿ 18 ಪರ್ಸೆಂಟ್. ನಿಮ್ಮ ವರ್ಕ್‌ಶಾಪ್ ಸಾಮಾನ್ಯ ಪದ್ಧತಿಯಲ್ಲಿ ನೋಂದಣಿ ಆಗಿದ್ದರೆ ನಿಮ್ಮ ನಂಬರ್ ಹಾಕಿಸಿ ಬಿಲ್ ತಗೊಳ್ಳಿ, ಆ ತೆರಿಗೆ ಕ್ರೆಡಿಟ್ ಸಿಗುತ್ತದೆ. ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿ) ಇದ್ದರೆ ಸಿಗುವುದಿಲ್ಲ. ಬಿಲ್ ಇಲ್ಲದೆ ಕಮ್ಮಿಗೆ ಕೊಡುತ್ತೇವೆ ಅಂದವರ ಹತ್ತಿರ ವಾರಂಟಿಯೂ ಇರುವುದಿಲ್ಲ. ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ.

ದಾವಣಗೆರೆ ಪ್ಲೈ ಕೆಲಸ

ಹಾಗಾದರೆ ಹೀಗೆ ಯೋಚಿಸಿದ್ದೇನೆ. ಶೆಡ್ಡಿನ ನಾಲ್ವರಿಗೆ 12 ವೋಲ್ಟಿನ ಬ್ರಷ್‌ಲೆಸ್ ಡ್ರಿಲ್ ಡ್ರೈವರ್. ಸೈಟಿಗೆ 18 ವೋಲ್ಟಿನ ಎರಡು ಹ್ಯಾಮರ್ ಡ್ರಿಲ್, ಒಂದು ಇಂಪ್ಯಾಕ್ಟ್ ಡ್ರೈವರ್, ಒಂದು ಸಣ್ಣ ರೋಟರಿ ಹ್ಯಾಮರ್, ನಾಲ್ಕೂ ಒಂದೇ ಕಂಪನಿಯದು. ಹಳೆಯ ವೈರಿನ ಡ್ರಿಲ್ಲು ಎರಡು ಇಟ್ಟುಕೊಂಡು ಉಳಿದವು ಕೊಟ್ಟುಬಿಡುತ್ತೇನೆ. ಸರಿಯಾ?

ಎಸ್‌ಜೆಪಿ ರಸ್ತೆ ರಿಪೇರಿ

ಸರಿ ಇದೆ, ಒಂದು ತಿದ್ದುಪಡಿ. ಶೆಡ್ಡಿನ ನಾಲ್ಕರಲ್ಲಿ ಒಂದನ್ನು ಹ್ಯಾಮರ್ ಇಲ್ಲದ 18 ವೋಲ್ಟಿನ ಗಿಡ್ಡ ಡ್ರಿಲ್ ಮಾಡಿ. ಸಾಲು ಸಾಲು 35 ಎಂಎಂ ತೂತು ಹಾಕುವಾಗ 12 ವೋಲ್ಟಿನ ಪ್ಯಾಕ್ ಬೇಗ ಖಾಲಿ ಆಗುತ್ತದೆ, ಆ ಕೆಲಸ ಇದಕ್ಕೆ. ಸೈಟಿನ ಮೆಷಿನ್ ರಿಪೇರಿಗೆ ಹೋದರೂ ಇದು ಹೊರಡಬಹುದು. ವೈರಿನದನ್ನು ಇಟ್ಟುಕೊಂಡದ್ದು ಒಳ್ಳೆಯದು. ಪೇಂಟು, ಪುಟ್ಟಿ ಕಲಸುವುದು ಅದರಲ್ಲೇ ಆಗಲಿ. ಆ ಕೆಲಸಕ್ಕೆ ಕಾರ್ಡ್‌ಲೆಸ್ ಹಾಕಿದರೆ ಮೋಟಾರು ಸುಡುತ್ತದೆ.

ಚಾರ್ಜರ್ ಬಗ್ಗೆ ಅಂಗಡಿಯಲ್ಲಿ ಕೇಳಿ. ಫಾಸ್ಟ್ ಚಾರ್ಜರ್ 5 ಆಂಪಿಯರ್ ಪ್ಯಾಕನ್ನು ಮುಕ್ಕಾಲು ಗಂಟೆಯಲ್ಲಿ ತುಂಬುತ್ತದೆ, ಸಾದಾದ್ದು ಎರಡು ಗಂಟೆ ಹತ್ತಿರ ತಗೊಳ್ಳುತ್ತದೆ. ಸೈಟಿಗೆ ಹೋಗುವವರ ಜೊತೆ ಫಾಸ್ಟ್ ಇರಲಿ. ಕರೆಂಟ್ ಬಿಲ್ಲಿನ ಚಿಂತೆ ಬೇಡ, 90 ವ್ಯಾಟ್ ಅವರ್ ಪ್ಯಾಕ್ ಹತ್ತು ಸಲ ತುಂಬಿದರೆ ಒಂದು ಯೂನಿಟ್ ಚಿಲ್ಲರೆ.

ಸಾಗರದ ಆಚಾರಿ

ಮೆಷಿನಿಗೆ ಇಷ್ಟು ಹಾಕಿ ಸ್ಕ್ರೂ ಬಿಟ್ಟು ಮಾತ್ರ ಕಡಿಮೆ ದುಡ್ಡಿನದು ತರಬೇಡಿ. ಹಿಂಜ್ ಜೊತೆ ಬರುವ ಸ್ಕ್ರೂ ತಲೆ ಗಮನಿಸಿ. ದೊಡ್ಡ ಪ್ಲಸ್ ಗುರುತಿನ ನಡುವೆ ಸಣ್ಣ ಗೆರೆಗಳು ಓರೆಯಾಗಿ ಇದ್ದರೆ ಅದು ಪೋಜಿಡ್ರೈವ್, ಪಿಜೆಡ್ 2 ಬಿಟ್ಟು ಬೇಕು. ಬರೀ ಪ್ಲಸ್ ಇದ್ದರೆ ಪಿಎಚ್ 2. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಜಾರಿ ಜಾರಿ ತಲೆ ಸವೆಯುತ್ತದೆ, ಲ್ಯಾಮಿನೇಟ್ ಮೇಲೆ ಗೀರು ಬೀಳುತ್ತದೆ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡಿ.

ದಾವಣಗೆರೆ ಪ್ಲೈ ಕೆಲಸ

ಆಗಲಿ ಆಚಾರ್ರೇ, ಅದನ್ನೂ ಪಟ್ಟಿಗೆ ಹಾಕಿಕೊಂಡೆ. ಕೊನೆಯದಾಗಿ, ಏಳೆಂಟು ಪ್ಯಾಕ್ ಚಾರ್ಜ್ ಮಾಡಲು ಶೆಡ್ಡಿನಲ್ಲಿ ಜಾಗ ಎಲ್ಲಿ ಮಾಡಲಿ? ಈಗ ಗರಗಸದ ಪಕ್ಕದ ಬೋರ್ಡಿನಲ್ಲಿ ಮಾತ್ರ ಪ್ಲಗ್ ಇದೆ.

ಎಸ್‌ಜೆಪಿ ರಸ್ತೆ ರಿಪೇರಿ

ಗರಗಸದ ಪಕ್ಕ ಬೇಡ, ಪುಡಿ ಚಾರ್ಜರಿನ ಗಾಳಿ ಕಿಂಡಿಗೆ ಹೋಗುತ್ತದೆ. ಆಫೀಸ್ ಕೋಣೆಯ ಗೋಡೆಗೆ ಹೊಸ ಪಾಯಿಂಟ್ ಎಳೆಸಿ, ಎದೆ ಎತ್ತರಕ್ಕೆ ಕಬ್ಬಿಣದ ಶೆಲ್ಫ್ ಹಾಕಿಸಿ, ಪ್ಲೈದು ಬೇಡ. ಥಿನ್ನರ್ ಡಬ್ಬಿ ಆ ಕೋಣೆಯಲ್ಲಿ ಇರಬಾರದು. ರಾತ್ರಿ ಶಟರ್ ಹಾಕುವ ಮುಂಚೆ ಸ್ವಿಚ್ ಆಫ್ ಮಾಡಿಸಿ. ಊದಿದ ಪ್ಯಾಕ್ ಕಂಡರೆ ಅವತ್ತೇ ಹೊರಗೆ ತೆಗೆಯಿರಿ, ಕಸದ ಗಾಡಿಗೆ ಹಾಕದೆ ಸರ್ವಿಸ್ ಸೆಂಟರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸುವ ಜವಾಬ್ದಾರಿ ತಯಾರಕರದ್ದು.